ಮುಖ ನೋಡದವರು ಗೆಳೆಯರಾ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರ ಒಂಟಿ ಮನೆ. ಮಗ ಮೊದಲ ಪಿಯುಸಿ. ರಾತ್ರಿ ಊಟ ಆದ ಕೂಡಲೇ ಜಗಲಿ ಮೂಲೆಯಲ್ಲಿ ಕೂತು ಮೊಬೈಲ್‌ನಲ್ಲಿ ಬಿಜಿಎಂಐ ಅನ್ನೋ ಬಂದೂಕಿನ ಆಟ ಆಡುತ್ತಾನೆ. ಸಿಗ್ನಲ್ ಸಿಗೋದು ಅಲ್ಲಿ ಮಾತ್ರ. ಕಿವಿಗೆ ಇಯರ್‌ಫೋನ್, ಬಾಯಲ್ಲಿ ‘ಹಿಂದೆ ಬಂದ, ಹಿಂದೆ ಬಂದ’ ಎಂಬ ಕೂಗು. ಕೇಳಿದರೆ ಫ್ರೆಂಡ್ಸ್ ಅಂತಾನೆ. ಇಬ್ಬರು ಕ್ಲಾಸಿನವರು, ಇನ್ನೊಬ್ಬನನ್ನು ಇವನು ನೋಡೇ ಇಲ್ಲ! ಮುಖ ನೋಡದವರು ಗೆಳೆಯರಾ ಅಕ್ಕಾ?
- ಒಬ್ಬ ತಾಯಿ

ಉತ್ತರ: ಒಂಟಿ ಮನೆ ಅಂದಿರಲ್ಲ, ಅರ್ಧ ಉತ್ತರ ಅಲ್ಲೇ ಇದೆ. ಕತ್ತಲಾದ ಮೇಲೆ ಆ ಹುಡುಗ ಯಾರ ಜೊತೆ ಮಾತಾಡಬೇಕು ಹೇಳಿ?

ನಾನು ಹೊಸನಗರದ ಕಡೆಯವಳು. ಚಿಕ್ಕಂದಿನಲ್ಲಿ ಅಡಿಕೆ ಸುಲಿಯುವ ಕಾಲಕ್ಕೆ ಅಕ್ಕಪಕ್ಕದ ಮನೆಯವರೆಲ್ಲ ರಾತ್ರಿ ಬ್ಯಾಟರಿ ಹಿಡಿದು ನಮ್ಮಲ್ಲಿಗೆ ಬರುತ್ತಿದ್ದರು. ಮೆಟ್ಟುಗತ್ತಿ ಮುಂದೆ ಕೂತರೆ ಕೈ ತನ್ನ ಪಾಡಿಗೆ ಸುಲಿಯುತ್ತಿತ್ತು, ಬಾಯಿ ಊರೆಲ್ಲ ಸುತ್ತುತ್ತಿತ್ತು. ಯಾರ ಮನೆ ಹುಡುಗಿಗೆ ಗಂಡು ನೋಡಿದರು, ಯಾರ ಎಮ್ಮೆ ಕರು ಹಾಕಿತು, ಎಲ್ಲ ಗೊತ್ತಾಗಿದ್ದು ಅಲ್ಲೇ. ಸುಮ್ನೆ ಎದುರುಬದುರು ಕೂರಿಸಿದ್ದರೆ ಆ ಮಾತು ಹೊರಡುತ್ತಿರಲಿಲ್ಲ. ಈಗ ಸುಲಿಯುವ ಮೆಷಿನ್ ಬಂದಿದೆ. ಅಂಗಳ ಖಾಲಿ.

ಕಳೆದ ಮಳೆಗಾಲದಲ್ಲಿ ಅಣ್ಣನ ಮೊಮ್ಮಗ ಇದೇ ಆಟ ಆಡುವಾಗ ಪಕ್ಕ ಕೂತು ಸ್ಪೀಕರ್ ಹಾಕಿಸಿದ್ದೆ. ವಿಮಾನದಿಂದ ಹಾರುವವರು 100 ಜನ, ಇವರದು ನಾಲ್ವರ ತಂಡ. ಇಳಿದ ಮೇಲೆ ಮನೆ ಮನೆ ಹೊಕ್ಕು ಬಂದೂಕು ಹುಡುಕಬೇಕು. ಆಗ ಸ್ವಲ್ಪ ಬಿಡುವು. ಅಷ್ಟರಲ್ಲಿ ಒಬ್ಬ ‘ನಾಳೆ ನಮ್ಮಪ್ಪಂಗೆ ಆಪರೇಷನ್ ಕಣ್ರೋ’ ಅಂದ. ಎಲ್ಲರೂ ಸುಮ್ಮನಾದರು. ಆಮೇಲೆ ಒಂದು ದನಿ: ‘ಇಲ್ಲೊಂದು ಲೆವೆಲ್ ತ್ರೀ ಹೆಲ್ಮೆಟ್ ಇದೆ, ನೀನೇ ಹಾಕ್ಕೋ.’ ಆಟದಲ್ಲಿ ಎಲ್ಲಕ್ಕಿಂತ ಗಟ್ಟಿ ಹೆಲ್ಮೆಟ್ ಅದು. ಗಂಡುಹುಡುಗರು ಸಮಾಧಾನ ಹೇಳುವುದೇ ಹೀಗೆ. ಮೈದಾನದಲ್ಲಿ ಆಡಿದ್ದರೂ ಇದಕ್ಕಿಂತ ಜಾಸ್ತಿ ಹೇಳುತ್ತಿರಲಿಲ್ಲ.

ಹಾಗಂತ ಕಣ್ಣು ಮುಚ್ಚಿ ಬಿಡಬೇಡಿ. ಆ ಕಾಣದ ಹುಡುಗ ಯಾರು, ಯಾವ ಊರು, ಕೇಳಿ. ಅವನಿಗೆ ಫೋಟೊ, ವಿಳಾಸ, ಒಟಿಪಿ ಕೊಡಕೂಡದು. ಸರ್ಕಾರ ತಡೆದಿದ್ದ ಈ ಆಟ 2023ರಲ್ಲಿ ಮತ್ತೆ ಬಂದಾಗ 18 ತುಂಬದವರಿಗೆ ದಿನಕ್ಕೆ 3 ಗಂಟೆ ಎಂದು ಮಿತಿ ಹಾಕಿದ್ದರು. ನಿಮ್ಮ ಮಗ ವಯಸ್ಸು ಸುಳ್ಳು ಕೊಟ್ಟಿದ್ದಾನಾ, ನೋಡಿ. ಆಟದೊಳಗಿನ ಬಟ್ಟೆಬರೆಗೆ ದುಡ್ಡು ಕೇಳುತ್ತದೆ, ಯುಪಿಐ ಪಿನ್ ನಿಮ್ಮ ಹತ್ತಿರವೇ ಇರಲಿ. ದುಡ್ಡು ಕಟ್ಟಿ ಆಡುವ ಆಟಗಳ ಮಾತೇ ಬೇರೆ. ಅವನ್ನು 2025ರ ಕೇಂದ್ರ ಕಾನೂನೇ ನಿಷೇಧಿಸಿದೆ.

ಮತ್ತೆ, ಆ ಕ್ಲಾಸಿನ ಇಬ್ಬರನ್ನು ಒಂದು ಶನಿವಾರ ಉಳಿಯಲು ಕರೆಯಿರಿ. ಕಡುಬು ಮಾಡಿ. ಫೋನ್ ಹಿಡಿದೇ ಬರುತ್ತಾರೆ, ಬರಲಿ. ಮೂವರೂ ಜಗಲಿ ಮೂಲೆಯಲ್ಲೇ ಒತ್ತಿಕೊಂಡು ಕೂರಬೇಕು. ಸಿಗ್ನಲ್ ಅಲ್ಲೇ ತಾನೆ?