ಪ್ಯಾಡಲ್‌ಗಳ ಸಾಲಿನಿಂದ ಶುರುಮಾಡಿ

ಪ್ರಿಯರೇ,

ನಿಮ್ಮ ‘ಪಿಕಲ್‌ಬಾಲ್ ಕೊಟ್ಟ ಗೆಳೆಯರು’ ಲೇಖನ ಕೈಸೇರಿ ಮೂರು ವಾರವಾಯಿತು. ಎರಡು ಸಲ ಓದಿದೆ. ಈಗಿರುವಂತೆ ಅಚ್ಚಿಗೆ ಕೊಡಲಾರೆ, ವಾಪಸ್ ಕಳಿಸಿ ಸುಮ್ಮನಿರಲೂ ಮನಸ್ಸು ಬರುತ್ತಿಲ್ಲ. ಅದಕ್ಕೇ ಇಷ್ಟುದ್ದದ ಪತ್ರ.

ಧಾರವಾಡದಿಂದ ಮದುವೆಯಾಗಿ ಗೋಣಿಕೊಪ್ಪದ ಹತ್ತಿರಕ್ಕೆ ಬಂದಿರಿ. ಯಜಮಾನರಿಗೆ ತೋಟದ ಮ್ಯಾನೇಜರ್ ಕೆಲಸ. ಎರಡು ವರ್ಷ ನಿಮಗೆ ಮಾತಿಗೊಬ್ಬರು ಸಿಗಲಿಲ್ಲ. ಪಕ್ಕದ ತೋಟದವರು ಖಾಲಿ ಬಿದ್ದಿದ್ದ ಕಾಫಿ ಕಣದಲ್ಲಿ ಗೆರೆ ಬಳಿದು, ನೆಟ್ ಕಟ್ಟಿ ಪಿಕಲ್‌ಬಾಲ್ ಶುರುಮಾಡಿದ ಮೇಲೆ ಬದುಕು ಬದಲಾಯಿತು. ಎಂಥ ಒಳ್ಳೆಯ ವಸ್ತು! ಆದರೆ ಓದುಗರಿಗೆ ಇದು ಸಿಗುವುದು ನಾಲ್ಕನೇ ಪುಟದಲ್ಲಿ. ಅಲ್ಲಿಯವರೆಗೆ ಆಟದ ಇತಿಹಾಸ, ‘ಕೊಡಗು ಹಾಕಿಯ ತವರು’, ‘ಸ್ನೇಹಕ್ಕೆ ಗಡಿಯಿಲ್ಲ’. ಈ ಮೂರು ಪುಟ ತೆಗೆದುಬಿಡಿ.

ಇತಿಹಾಸದಲ್ಲಿ ಒಂದೇ ಒಂದು ಸಂಗತಿ ಉಳಿಸಿಕೊಳ್ಳಿ. 1965ರ ಬೇಸಿಗೆಯಲ್ಲಿ ಅಮೆರಿಕದ ಬೈನ್‌ಬ್ರಿಜ್ ದ್ವೀಪದಲ್ಲಿ ಮನೆಮಂದಿಗೆ ಹೊತ್ತು ಹೋಗದೆ, ಶಟಲ್ ಆಡಲು ಬೇಕಾದ ಸಾಮಾನೂ ಸಿಗದೆ, ಟೇಬಲ್ ಟೆನಿಸ್ ಬ್ಯಾಟು, ತೂತಿನ ಪ್ಲಾಸ್ಟಿಕ್ ಚೆಂಡು ಹಿಡಿದು ಶಟಲ್ ಅಂಕಣಕ್ಕಿಳಿದರು, ಪಿಕಲ್‌ಬಾಲ್ ಹುಟ್ಟಿತು. ಇವತ್ತಿಗೂ ಅಂಕಣದ ಅಳತೆ ಶಟಲ್ ಡಬಲ್ಸಿನದೇ, 44 ಅಡಿಗೆ 20 ಅಡಿ. ಯಾವುದಕ್ಕೋ ಮಾಡಿದ ಜಾಗದಲ್ಲಿ ಹುಟ್ಟಿದ ಆಟ ಕಾಫಿ ಒಣಗಿಸುವ ಕಣಕ್ಕೆ ಬಂತಲ್ಲ, ಆ ನಂಟು ಕಾಣಿಸಿದರೆ ಸಾಕು.

ನೀವು ಬೇಗ ದಾಟಿಹೋದ ಒಂದು ಸಾಲಿದೆ: ‘ಬಂದವರು ಪ್ಯಾಡಲ್‌ಗಳನ್ನು ಗೋಡೆಗೆ ಸಾಲಾಗಿ ಒರಗಿಸುತ್ತಿದ್ದರು, ಮೊದಲ ನಾಲ್ಕು ಒಳಗೆ.’ ಅಂದರೆ ಮೊದಲ ನಾಲ್ಕು ಬ್ಯಾಟಿನವರು ಆಡಲು ಅಂಕಣಕ್ಕೆ. ನಿಮ್ಮ ಲೇಖನದ ಜೀವ ಇಲ್ಲಿದೆ. ಕೊಡಗಿನಲ್ಲಿ ಹೊಸಬರನ್ನು ಕಂಡ ತಕ್ಷಣ ಕೇಳುವುದು ಯಾವ ಮನೆತನ ಎಂದು. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕೌಟುಂಬಿಕ ಹಾಕಿ ಪಂದ್ಯಾವಳಿಯಲ್ಲಿ ಮನೆತನದ ಹೆಸರೇ ತಂಡದ ಹೆಸರು. ಆ ಹಬ್ಬ ನನಗೆ ಪ್ರಾಣ, ಆದರೆ ಅಲ್ಲಿ ನಿಮ್ಮ ಜಾಗ ಗ್ಯಾಲರಿಯಲ್ಲಿ. ಈ ಕಣದಲ್ಲೋ, ನಿಮ್ಮ ಪ್ಯಾಡಲ್ ಯಾರ ಪ್ಯಾಡಲ್ ಪಕ್ಕ ನಿಂತಿತೋ ಅವರು ನಿಮ್ಮ ಜೊತೆಗಾರರು. 11 ಪಾಯಿಂಟಿಗೆ ಆಟ ಮುಗಿದು ಮತ್ತೆ ಸಾಲಿಗೆ ಬಂದರೆ ಬೇರೆ ಜೊತೆ. ಒಂದು ಸಂಜೆಯಲ್ಲಿ ಐದಾರು ಜನರ ಜೊತೆ ನಿಲ್ಲಲೇಬೇಕು. ಮೊದಲ ಸಂಜೆ ನಿಮ್ಮ ಪ್ಯಾಡಲ್ ಪಕ್ಕ ಯಾರದಿತ್ತು? ಅವರು ಏನಂದರು? ಅದನ್ನು ಬರೆಯಿರಿ.

ಒಂದು ತಪ್ಪನ್ನೂ ತಿದ್ದಬೇಕು. ‘ಕಿಚನ್‌ಗೆ ಕಾಲಿಡಲೇಬಾರದು’ ಎಂದಿದ್ದೀರಿ. ನೆಟ್ಟಿನ ಎರಡೂ ಬದಿಗೆ 7 ಅಡಿಯ ಆ ಜಾಗದಲ್ಲಿ ನಿಲ್ಲಬಹುದು. ಅಲ್ಲಿ ನಿಂತು ಚೆಂಡು ನೆಲಕ್ಕೆ ಬೀಳುವ ಮೊದಲೇ ಹೊಡೆಯುವಂತಿಲ್ಲ, ಅಷ್ಟೆ. ಹಾಗಾಗಿಯೇ ನಾಲ್ವರೂ ಗೆರೆಯ ಹಿಂದೆ, 14 ಅಡಿ ಅಂತರದಲ್ಲಿ ಎದುರುಬದುರು ನಿಂತು ಚೆಂಡನ್ನು ಮೆತ್ತಗೆ ದಾಟಿಸುತ್ತಿರುತ್ತಾರೆ. ಎದುರಿನವರ ಉಸಿರು ಕೇಳುತ್ತದೆ, ನಗು ತಡೆದದ್ದು ಕಾಣುತ್ತದೆ. ಮುಖ ನೋಡದೆ ಆಡಲು ಆಗದ ಆಟ ಇದು. ‘ಎಲ್ಲರೂ ಆತ್ಮೀಯರಾದರು’ ಎಂಬ ನಿಮ್ಮ ವಾಕ್ಯಕ್ಕಿಂತ ಈ 14 ಅಡಿ ಹೆಚ್ಚು ಹೇಳುತ್ತದೆ.

ಅರವತ್ತು ದಾಟಿದ ಆಂಟಿಯೊಬ್ಬರು ಗಮ್‌ಬೂಟ್ ಕಳಚಿ, ಕ್ಯಾನ್ವಾಸ್ ಶೂಗೆ ಲೇಸು ಬಿಗಿಯುತ್ತಾ ‘ಮಗಳೇ, ನಾನು ಓಡಲ್ಲ, ನೀನು ಓಡು’ ಎಂದದ್ದು ಚೆನ್ನಾಗಿದೆ. ಅದರ ಒಂದಕ್ಷರವನ್ನೂ ಮುಟ್ಟಬೇಡಿ. ಅಕ್ಟೋಬರಿನ ಮಳೆಗೆ ಎಲ್ಲರೂ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಶೆಡ್ಡಿಗೆ ಓಡಿದ ಸಂಜೆಯನ್ನು ಮಾತ್ರ ಎರಡೇ ಸಾಲಿಗೆ ಮುಗಿಸಿದ್ದೀರಿ. ಅರ್ಧ ಗಂಟೆ ಏನು ಮಾತಾಡಿದಿರಿ? ಆ ಅರ್ಧ ಗಂಟೆಗೆ ಒಂದು ಪುಟ ಕೊಡಿ.

ಕೊನೆಗೆ, ನನ್ನನ್ನು ಕಾಡಿದ ಪ್ರಶ್ನೆ. ಡಿಸೆಂಬರಿನಲ್ಲಿ ಕಾಫಿ ಕೊಯ್ಲು ಶುರುವಾಗಿ ಕಣಕ್ಕೆ ಹಣ್ಣು ಬಂದಿರಬೇಕು, ನೆಟ್ ಬಿಚ್ಚಿರಬೇಕು. ನಿಮ್ಮ ಲೇಖನ ನವೆಂಬರಿಗೇ ನಿಂತಿದೆ. ಆಟವಿಲ್ಲದ ಈ ತಿಂಗಳುಗಳಲ್ಲಿ ನಿಮ್ಮ ಮನೆಗೆ ಯಾರು ಬಂದರು? ನೀವು ಯಾರ ಮನೆಗೆ ಹೋದಿರಿ? ಯಾರೂ ಬರಲಿಲ್ಲವೆಂದರೆ ಅದನ್ನೂ ಮುಚ್ಚಿಡದೆ ಬರೆಯಿರಿ. ನಾನು ಅಷ್ಟೇ ಪ್ರೀತಿಯಿಂದ ಓದುತ್ತೇನೆ.

ಒಂಬೈನೂರು ಪದಗಳೊಳಗಿರಲಿ. ಕಾಫಿ ಹೂವರಳಿಸುವ ಹೂಮಳೆ ಬೀಳುವ ಮುಂಚೆ ಕಳಿಸಿ, ಆಮೇಲೆ ತೋಟದಲ್ಲಿ ನಿಮಗೂ ಬಿಡುವಿರುವುದಿಲ್ಲ.

ಇಂತಿ,
ಸಂಪಾದಕ