ಯಹೂದಿಗಳು ಗ್ರಂಥ ಓದಿಸಿ ಮಕ್ಕಳಿಗೆ ಒಳ್ಳೆ ಗುಣ ಕಲಿಸುತ್ತಾರಂತೆ, ಹೇಗೆ?

ನೀವು ಕೇಳಿರುವುದು ಇಷ್ಟು: ಶಾಲೆಯ ನೀತಿ ಪಾಠದಲ್ಲಿ ಮಕ್ಕಳು ಆಕಳಿಸುತ್ತಾರೆ, ಯಹೂದಿಗಳು ಮಾತ್ರ ಎರಡು ಸಾವಿರ ವರ್ಷದ ಹಳೆಯ ಪುಸ್ತಕ ಇಟ್ಟುಕೊಂಡೇ ತಾಳ್ಮೆ, ಧೈರ್ಯ, ವಿನಯ ಎಲ್ಲ ಕಲಿಸುತ್ತಾರಂತೆ, ಅದು ಹೇಗೆ ಅಂತ.

ನಾನು ಟೀಚರ್ ಅಲ್ಲ, ಯಹೂದಿಯೂ ಅಲ್ಲ. ಮಂಗಳೂರು ಕಡೆಯವಳು. ನಮ್ಮ ಕಡೆಯಿಂದ ಬಹಳ ಜನ ಇಸ್ರೇಲಿಗೆ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸಕ್ಕೆ ಹೋಗುತ್ತಾರಲ್ಲ, ಹಾಗೆ ಹೋದವಳು. ಜೆರುಸಲೇಮಿನಲ್ಲಿ ಒಬ್ಬ ನಿವೃತ್ತ ಮೇಷ್ಟ್ರ ಮನೆಯಲ್ಲಿ ಐದು ವರ್ಷ ಇದ್ದೆ. ಮೊಮ್ಮಗ ಅವರನ್ನು ಸಬಾ ಅಂತ ಕರೆಯುತ್ತಿದ್ದ, ಅಂದರೆ ಅಜ್ಜ. ನಾನೂ ಹಾಗೇ ಕರೆದೆ. ಆ ಮನೆಯ ಊಟದ ಮೇಜಿನ ಮೇಲೆ ಕಂಡದ್ದನ್ನೇ ಹೇಳುತ್ತೇನೆ. ಎಲ್ಲ ಯಹೂದಿ ಮನೆಗಳೂ ಹೀಗೇ ಅಂತ ಅಲ್ಲ.

ಮೊಮ್ಮಗನಿಗೆ ಆಗ ಹನ್ನೆರಡು. ಹದಿಮೂರು ತುಂಬಿದರೆ ಗಂಡುಮಕ್ಕಳಿಗೆ ಬಾರ್ ಮಿತ್ಸ್ವಾ, ಆಮೇಲೆ ಮಾಡಿದ್ದಕ್ಕೆಲ್ಲ ಅವನೇ ಹೊಣೆ. ಶನಿವಾರ ಮಧ್ಯಾಹ್ನ ಒಬ್ಬ ಗೆಳೆಯನನ್ನು ಕರೆದುಕೊಂಡು ಬರುತ್ತಿದ್ದ. ಪಸ್ಕ ಹಬ್ಬ ಮುಗಿದ ಮೇಲೆ ಶನಿವಾರಗಳಲ್ಲಿ 'ಪಿರ್ಕೇ ಅವೋತ್' ಓದುವುದು ಅಲ್ಲಿಯ ರೂಢಿ. ಅದು ಮಿಶ್ನಾದ ಒಂದು ಭಾಗ. ಮಿಶ್ನಾ ಅಂದರೆ ಬಾಯಿಂದ ಬಾಯಿಗೆ ಬಂದ ಕಟ್ಟಳೆಗಳನ್ನು ಕ್ರಿ.ಶ. 200ರ ಸುಮಾರಿಗೆ ಒಟ್ಟುಮಾಡಿದ ಗ್ರಂಥ. ಉಳಿದ ಭಾಗಗಳಲ್ಲಿ ಹೊಲ, ಮದುವೆ, ಸಾಲ ಅಂತ ಕಾನೂನೇ ಜಾಸ್ತಿ. ಇದರಲ್ಲಿ ಮಾತ್ರ ಹಿರಿಯರ ಮಾತುಗಳು, ಒಂದೊಂದು ಎರಡೆರಡು ಸಾಲು.

ಶನಿವಾರ ಅವರ ಸಬ್ಬತ್, ಅಂದರೆ ವಾರದ ವಿಶ್ರಾಂತಿ ದಿನ, ಅವತ್ತು ಅವರು ಏನನ್ನೂ ಬರೆಯುವಂತಿಲ್ಲ. ಹಾಗಾಗಿ ನೋಟ್ಸ್ ಇಲ್ಲ, ಬೋರ್ಡ್ ಇಲ್ಲ, 'ಬಿಟ್ಟ ಸ್ಥಳ ತುಂಬಿರಿ' ಇಲ್ಲ. ಮೇಜಿನ ಮೇಲೆ ಒಂದು ಪುಸ್ತಕ, ಒಂದು ಬಟ್ಟಲು ಸೂರ್ಯಕಾಂತಿ ಬೀಜ, ಸಿಪ್ಪೆ ಹಾಕಲು ಇನ್ನೊಂದು ಬಟ್ಟಲು. ಅಷ್ಟೇ ಸಾಮಾನು.

ಇಬ್ಬರು ಕೂತು ಓದುವುದಕ್ಕೆ ಖವ್ರುತಾ ಅನ್ನುತ್ತಾರೆ. ಗೆಳೆಯ ಅನ್ನುವ ಪದದಿಂದ ಬಂದದ್ದು. ಒಬ್ಬ ಸಾಲನ್ನು ಜೋರಾಗಿ ಓದಬೇಕು. ಇನ್ನೊಬ್ಬ ತಕರಾರು ತೆಗೆಯಬೇಕು. ಸಬಾ ಅವರದು ಒಂದೇ ನಿಯಮ: ನಿನ್ನ ಮಾತು ಹೇಳುವ ಮೊದಲು ಅವನ ಮಾತನ್ನು ಹೇಳು, 'ಹೌದು, ನಾನು ಹೇಳಿದ್ದು ಅದೇ' ಅಂತ ಅವನು ಒಪ್ಪಬೇಕು, ಆಮೇಲೆ ನಿನ್ನದು. ಮೊದಲ ವಾರಗಳಲ್ಲಿ ಇದು ಹಿಂಸೆ. 'ಅವನು ಹೇಳೋದೇ ತಪ್ಪು ಸಬಾ, ಅದನ್ನು ನಾನ್ಯಾಕೆ ಹೇಳಲಿ' ಅಂತ ಮೊಮ್ಮಗ ಕೂಗುತ್ತಿದ್ದ. ಸಬಾ ಬೀಜ ಕಡಿಯುತ್ತಾ ಕೂತಿರುತ್ತಿದ್ದರು.

ಈ ನಿಯಮ ಅವರು ಸುಮ್ನೆ ಕಟ್ಟಿದ್ದಲ್ಲ. ತಾಲ್ಮೂದ್ ಅಂದರೆ ಮಿಶ್ನಾದ ಮೇಲೆ ನಡೆದ ಚರ್ಚೆಗಳ ದೊಡ್ಡ ಗ್ರಂಥ. ಅದರಲ್ಲಿ ಹಿಲ್ಲೆಲ್ ಮತ್ತು ಶಮ್ಮಾಯಿ ಅಂತ ಇಬ್ಬರು ಗುರುಗಳ ಶಿಷ್ಯರು ಮೂರು ವರ್ಷ ಜಗಳವಾಡಿದ ಕಥೆ ಇದೆ. ಕೊನೆಗೆ ಆಕಾಶದಿಂದ ಮಾತು ಬರುತ್ತದೆ: ಇವೂ ಅವೂ ಎರಡೂ ಜೀವಂತ ದೇವರ ಮಾತೇ, ಆದರೆ ನಡೆಸಬೇಕಾದ್ದು ಹಿಲ್ಲೆಲ್ ಕಡೆಯವರ ಹಾಗೆ. ಯಾಕೆ? ಅವರು ಹೆಚ್ಚು ಬುದ್ಧಿವಂತರು ಅಂತಲ್ಲ. ಅವರು ಮೆತ್ತಗಿನವರು, ಎದುರಾಳಿಯ ಮಾತನ್ನೂ ಕಲಿಸುತ್ತಿದ್ದರು, ಅದನ್ನೇ ಮೊದಲು ಹೇಳುತ್ತಿದ್ದರು ಅಂತ. ನನಗೆ ಇದು ಬಹಳ ಹಿಡಿಸಿತು. ಕಾನೂನಿನ ಪ್ರಶ್ನೆಯನ್ನು ಗುಣ ನೋಡಿ ತೀರ್ಮಾನ ಮಾಡಿದ ಹಾಗಾಯಿತಲ್ಲ!

ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಹೆಚ್ಚುಕಡಿಮೆ ಇಲ್ಲೇ ಇದೆ. ಅಲ್ಲಿ ತಾಳ್ಮೆಯ ಬಗ್ಗೆ ಪಾಠ ಮಾಡುವುದಿಲ್ಲ. ತಾಳ್ಮೆ ಇಲ್ಲದೆ ಓದಲು ಆಗದ ಹಾಗೆ ಕೂರಿಸುತ್ತಾರೆ.

ಒಂದು ಶನಿವಾರದ ಕಥೆ ಹೇಳಿದರೆ ತಿಳಿಯುತ್ತದೆ. ಅವತ್ತು ಓದಿದ್ದು ತಾಲ್ಮೂದಿನ ಇನ್ನೊಂದು ಕಥೆ. ಇಬ್ಬರು ಬಾಜಿ ಕಟ್ಟಿದ್ದರಂತೆ, ಹಿಲ್ಲೆಲನಿಗೆ ಸಿಟ್ಟು ಬರಿಸಿದವನಿಗೆ 400 ಜೂಜ್ ಅಂತ (ಜೂಜ್ ಅಂದರೆ ಆಗಿನ ಬೆಳ್ಳಿ ನಾಣ್ಯ). ಅವರಲ್ಲಿ ಒಬ್ಬ ಶುಕ್ರವಾರ ಸಂಜೆಯ ಹೊತ್ತಿಗೆ, ಹಿಲ್ಲೆಲ್ ತಲೆ ತೊಳೆಯುತ್ತಿರುವಾಗ, ಬಾಗಿಲಲ್ಲಿ ನಿಂತು 'ಇಲ್ಲಿ ಹಿಲ್ಲೆಲ್ ಯಾರಯ್ಯಾ' ಅಂತ ಕೂಗುತ್ತಾನೆ. ಹಿಲ್ಲೆಲ್ ಬಟ್ಟೆ ಸುತ್ತಿಕೊಂಡು ಬಂದು 'ಏನು ಮಗನೇ' ಅನ್ನುತ್ತಾನೆ. 'ಬಾಬಿಲೋನಿನವರ ತಲೆ ಯಾಕೆ ಗುಂಡಗಿದೆ?' ಹಿಲ್ಲೆಲ್ ಉತ್ತರ ಹೇಳಿ ಒಳಗೆ ಹೋಗುತ್ತಾನೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೂಗು. ಹೀಗೆ ಮೂರು ಸಲ. ಕೊನೆಗೆ ಆ ಮನುಷ್ಯನಿಗೇ ಸಿಟ್ಟು ಬಂದು, 'ನಿನ್ನಂಥವರು ಜಾಸ್ತಿ ಹುಟ್ಟದಿರಲಿ, ನಿನ್ನಿಂದ ನನಗೆ 400 ಹೋಯಿತು' ಅನ್ನುತ್ತಾನೆ. ಹಿಲ್ಲೆಲ್ ಹೇಳುತ್ತಾನೆ: 400 ಹೋಗಲಿ, ಇನ್ನೊಂದು 400 ಹೋಗಲಿ, ಹಿಲ್ಲೆಲನಿಗೆ ಸಿಟ್ಟು ಬಾರದಿರಲಿ.

ನಮ್ಮಲ್ಲಾದರೆ ಇಲ್ಲಿಗೆ 'ಆದ್ದರಿಂದ ಮಕ್ಕಳೇ' ಶುರುವಾಗುತ್ತಿತ್ತು. ಸಬಾ ಕೇಳಿದ್ದು ಬೇರೆ. ಶುಕ್ರವಾರ ಸಂಜೆಯೇ ಯಾಕೆ? ಸಬ್ಬತ್‌ಗೆ ಮುಂಚೆ ಎಲ್ಲರಿಗೂ ಗಡಿಬಿಡಿ ಅಂತ ಗೆಳೆಯ ಹೇಳಿದ. ಬಾಬಿಲೋನಿನವರ ತಲೆಯೇ ಯಾಕೆ? ಇಬ್ಬರೂ ಸುಮ್ಮನಾದರು. ಆಮೇಲೆ ಮೊಮ್ಮಗನಿಗೆ ಹೊಳೆಯಿತು. ಹಿಲ್ಲೆಲ್ ಬಂದದ್ದೇ ಬಾಬಿಲೋನಿನಿಂದ. ತಲೆ ತೊಳೆಯುತ್ತಿರುವವನನ್ನು ಕರೆದು ಅವನ ತಲೆಯನ್ನೇ ಆಡಿಕೊಂಡದ್ದು! ಹುಡುಗ ನಕ್ಕೂ ನಕ್ಕೂ ಬೀಜ ಗಂಟಲಿಗೆ ಸಿಕ್ಕಿಸಿಕೊಂಡ. ನಾನು ನೀರು ತಂದು ಕೊಟ್ಟೆ. ಸುಧಾರಿಸಿಕೊಂಡು ಅವನೇ ಕೇಳಿದ: 'ಅವನಿಗೆ ಸಿಟ್ಟು ಬರಲೇ ಇಲ್ವಾ, ಬಂದು ನುಂಗಿಕೊಂಡನಾ?' ಸಬಾ ಉತ್ತರ ಹೇಳಲಿಲ್ಲ. 'ನೀವಿಬ್ಬರೂ ಜಗಳ ಆಡಿ' ಅಂದರು.

ಗುಣಕ್ಕೆ ಅವರ ಭಾಷೆಯಲ್ಲಿ ಮಿದ್ದಾ ಅನ್ನುತ್ತಾರೆ. ಅಳತೆ ಅಂತಲೂ ಅದೇ ಪದ. ಅಡುಗೆಗೆ ಉಪ್ಪಿನ ಹಾಗೆ, ವಿನಯ ಹೆಚ್ಚಾದರೂ ಕಷ್ಟ. ಪಿರ್ಕೇ ಅವೋತ್‌ನಲ್ಲೇ ಒಂದು ಸಾಲಿದೆ: ನಾಚುವವನು ಕಲಿಯಲಾರ, ಸಿಡುಕುವವನು ಕಲಿಸಲಾರ. ತಾಳ್ಮೆಗೆ ಸವ್ಲಾನುತ್ ಅನ್ನುತ್ತಾರೆ. ಬಸ್ ಸ್ಟಾಪಿನಲ್ಲಿ, ಕ್ಯೂನಲ್ಲಿ ದಿನಾ ಕಿವಿಗೆ ಬೀಳುವ ಪದ. ಹೊರೆ ಹೊರುವ ಕೂಲಿಗೆ ಸಬಾಲ್, ಎರಡಕ್ಕೂ ಬೇರು ಒಂದೇ ಅಂತ ಸಬಾ ಹೇಳಿದಾಗ, ನಮ್ಮ ತಾಳ್ಮೆಯೊಳಗೂ 'ತಾಳು' ಇದೆ ಅಂತ ನಾನು ಹೇಳಿದೆ. ಅವರು ಆ ಪದವನ್ನು ನಾಲ್ಕು ಸಲ ಹೇಳಿಸಿಕೊಂಡರು, ಆದರೂ ಳ ಬರಲಿಲ್ಲ.

ಇನ್ನೊಂದು ದಾರಿಯೂ ಇದೆ, ಲೆಕ್ಕ ಬರೆಯುವುದು. 1808ರಲ್ಲಿ ಮೆನಾಖೆಮ್ ಮೆಂಡೆಲ್ ಲೆಫಿನ್ ಎನ್ನುವವರು ಅಮೆರಿಕದ ನಾಯಕ ಬೆಂಜಮಿನ್ ಫ್ರಾಂಕ್ಲಿನ್ ಕ್ರಮವನ್ನು ಹಿಡಿದು ಹದಿಮೂರು ಗುಣಗಳ ಪುಸ್ತಕ ಬರೆದರು. ವಾರಕ್ಕೆ ಒಂದು ಗುಣ, ದಿನಾ ಎಡವಿದ್ದಕ್ಕೆ ಚುಕ್ಕಿ. ಹದಿಮೂರು ವಾರಕ್ಕೆ ಒಂದು ಸುತ್ತು, ವರ್ಷಕ್ಕೆ ನಾಲ್ಕು. ಆಮೇಲೆ ಲಿಥುವೇನಿಯಾದಲ್ಲಿ ರಬ್ಬಿ (ಅಂದರೆ ಧರ್ಮಗುರು) ಇಸ್ರೇಲ್ ಸಲಾಂತರ್ ಇಂಥದ್ದನ್ನೆಲ್ಲ ಮುಸ್ಸಾರ್ ಅನ್ನುವ, ಗುಣ ತಿದ್ದಿಕೊಳ್ಳುವ ಚಳವಳಿಯಾಗಿ ಬೆಳೆಸಿದರು. ಮೊಮ್ಮಗನೂ ಶುರು ಮಾಡಿದ್ದ. ಮೂರನೇ ವಾರಕ್ಕೆ ಚೀಟಿ ಫ್ರಿಜ್ ಹಿಂದೆ ಸಿಕ್ಕಿತು. ದೊಡ್ಡವರಿಗೆ ಸರಿ, ಮಕ್ಕಳಿಗೆ ಇದು ಇನ್ನೊಂದು ಹೋಂವರ್ಕ್ ಅಂತ ನನಗನಿಸುತ್ತದೆ.

ಈಗ ಮನಶ್ಶಾಸ್ತ್ರದವರ ಪಟ್ಟಿಯೂ ಇದೆ. ಪೀಟರ್ಸನ್, ಸೆಲಿಗ್ಮನ್ ಎಂಬ ಅಮೆರಿಕದವರು 2004ರಲ್ಲಿ ಮಾಡಿದ 24 ಗುಣಗಳ ಪಟ್ಟಿ. ಕೆಲವರು ಅದನ್ನು ಗ್ರಂಥದ ಜತೆ ಜೋಡಿಸಿ ಕಲಿಸುತ್ತಾರೆ. ತಪ್ಪೇನಿಲ್ಲ. ಆದರೆ ಕಥೆಗೆ ಮುಂಚೆಯೇ 'ಇವತ್ತು ಧೈರ್ಯ' ಅಂತ ಚೀಟಿ ಅಂಟಿಸಿದರೆ ಮಕ್ಕಳು ಧೈರ್ಯ ಹುಡುಕಿ ಪುಸ್ತಕ ಮುಚ್ಚುತ್ತಾರೆ, ಮಾರಾಯ್ರೆ.

ತಾಲ್ಮೂದಿನ ಇನ್ನೊಂದು 24 ನನಗೆ ಹತ್ತಿರದ್ದು. ರೇಶ್ ಲಾಕಿಶ್ ಮೊದಲು ದರೋಡೆಕೋರ. ರಬ್ಬಿ ಯೋಖಾನಾನ್ ಅವನನ್ನು ಓದಿಗೆ ತಂದು, ತಂಗಿಯನ್ನು ಕೊಟ್ಟು, ಜತೆಯವನಾಗಿ ಮಾಡಿಕೊಂಡ. ಒಂದು ದಿನ ಕತ್ತಿ, ಚೂರಿಗಳ ಬಗ್ಗೆ ವಾದ. ಯೋಖಾನಾನ್ ಬಾಯಿಂದ ಮಾತು ಜಾರಿತು: 'ಕಳ್ಳನಿಗೆ ಕಳ್ಳತನದ ಸಾಮಾನು ಗೊತ್ತು.' ರೇಶ್ ಲಾಕಿಶ್ ಅಂದ: 'ನೀನು ನನಗೆ ಮಾಡಿದ ಉಪಕಾರವಾದರೂ ಏನು? ಅಲ್ಲೂ ನನ್ನನ್ನು ಗುರು ಅನ್ನುತ್ತಿದ್ದರು, ಇಲ್ಲೂ ಗುರು ಅನ್ನುತ್ತಾರೆ.' ಇಬ್ಬರೂ ಸೋಲಲಿಲ್ಲ. ರೇಶ್ ಲಾಕಿಶ್ ಕಾಯಿಲೆ ಬಿದ್ದ. ತಂಗಿ ಅತ್ತರೂ ಯೋಖಾನಾನ್ ಕರಗಲಿಲ್ಲ. ರೇಶ್ ಲಾಕಿಶ್ ಸತ್ತ. ಆಮೇಲೆ ಯೋಖಾನಾನ್‌ಗೆ ಬೇರೊಬ್ಬ ಜತೆಗಾರನನ್ನು ಕಳಿಸಿದರು. ಅವನೋ, ಯೋಖಾನಾನ್ ಏನು ಹೇಳಿದರೂ 'ನೀವು ಹೇಳಿದ್ದು ಸರಿ, ಆಧಾರ ಇದೆ' ಅನ್ನುವವ. ಯೋಖಾನಾನ್ ಅತ್ತ: 'ರೇಶ್ ಲಾಕಿಶ್ ನನ್ನ ಮಾತಿಗೆ 24 ತಕರಾರು ತೆಗೆಯುತ್ತಿದ್ದ, ನಾನು 24 ಉತ್ತರ ಕೊಡುತ್ತಿದ್ದೆ, ವಿಷಯ ಬೆಳೆಯುತ್ತಿತ್ತು.' ಬಟ್ಟೆ ಹರಿದುಕೊಂಡು ಅವನ ಹೆಸರು ಕೂಗುತ್ತಾ ತಿರುಗಿದ, ತಲೆ ಕೆಟ್ಟಿತು, ಕೊನೆಗೆ ಸತ್ತ.

ಅಷ್ಟು ದೊಡ್ಡ ಗುರುವಿನ ತಪ್ಪನ್ನು ಅವರ ಗ್ರಂಥವೇ ಮುಚ್ಚಿಡದೆ ಹೇಳುತ್ತದೆ. ಆ ದಿನ ಮೊಮ್ಮಗ ಯೋಖಾನಾನ್ ಪರ ನಿಂತ, 'ಅವನಿಗೂ ನೋವಾಗಿತ್ತು' ಅಂತ. ಗೆಳೆಯನ ಮುಖ ಕೆಂಪಾಯಿತು. ಕತ್ತಲಾಗುವ ತನಕ ವಾದ. ಬೀಜ ಪೂರಾ ಖಾಲಿ.

ನೀವು ಮಾಡಿ ನೋಡುವುದಾದರೆ ಇಬ್ಬಿಬ್ಬರನ್ನೇ ಕೂರಿಸಿ, ಇಪ್ಪತ್ತು ನಿಮಿಷಕ್ಕೆ ಎರಡು ಸಾಲು ಸಾಕು. ಕೇಳುವ ಪ್ರಶ್ನೆಗೆ ನಿಮಗೇ ಉತ್ತರ ಗೊತ್ತಿರಬಾರದು. ಹತ್ತು ವರ್ಷದೊಳಗಿನ ಮಕ್ಕಳಾದರೆ ರೇಶ್ ಲಾಕಿಶ್ ಬೇಡ, ಹಿಲ್ಲೆಲನ ತಲೆಸ್ನಾನದಿಂದ ಶುರು ಮಾಡಿ. ಬಾಗಿಲಲ್ಲಿ ಕೂಗುವ ಪಾತ್ರ ಅತಿ ತಂಟೆ ಹುಡುಗನಿಗೆ ಕೊಡಿ.