ಪಿನ್ ಕೂತರೆ ಸಾಲದು

ಪ್ರಶ್ನೆ: ನನ್ನ ಹಳೆಯ 50 ವ್ಯಾಟ್ ಗಿಟಾರ್ ಆಂಪ್ಲಿಫೈಯರಿನ ಧ್ವನಿಗೆ ಬಲ ಕೊಡುವ ಗಾಜಿನ ಕೊಳವೆಗಳಾದ ಎರಡು ಇಎಲ್34 ವಾಲ್ವ್‌ಗಳಲ್ಲಿ ಒಂದರ ಪ್ಲೇಟ್ (ಒಳಗಿನ ಲೋಹದ ತಗಡು) ಕೆಂಪಗೆ ಕಾಯುತ್ತಿದೆ. ಗೆಳೆಯರು 6ಎಲ್6 ಎಂಬ ಬೇರೆ ವಾಲ್ವ್ ಕೊಡುತ್ತೇನೆ, ಪಿನ್ ಕೂರುತ್ತದೆ ಎನ್ನುತ್ತಾರೆ. ಹಾಕಬಹುದೇ?
– ಓದುಗ, ಟಿಳಕವಾಡಿ, ಬೆಳಗಾವಿ

ಉತ್ತರ: ಕೂರುತ್ತದೆ, ನಿಜ. ಖಡೇಬಜಾರಿನಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದಾಗ ನಾನು ಇದನ್ನೇ ತಿರುವುಮುರುವಾಗಿ ಮಾಡಿ, 6ಎಲ್6 ಜಾಗಕ್ಕೆ ಇಎಲ್34 ಹಾಕಿ, ಗಿರಾಕಿಯ ಟ್ರಾನ್ಸ್‌ಫಾರ್ಮರ್ ಸುಟ್ಟೆ. ಇಎಲ್34ರ ಹೀಟರ್ (ವಾಲ್ವನ್ನು ಒಳಗಿನಿಂದ ಕಾಯಿಸುವ ತಂತಿ) 1.5 ಆಂಪಿಯರ್ ಎಳೆಯುತ್ತದೆ, 6ಎಲ್6 ಬರೀ 0.9. ನಿಮಗೆ ಆ ಭಯವಿಲ್ಲ. ಆದರೆ 6ಎಲ್6ಗೆ ಸಾಮಾನ್ಯವಾಗಿ ಇನ್ನೂ ಹೆಚ್ಚಿನ ಋಣ ಬಯಾಸ್ (ವಾಲ್ವಿನ ಕರೆಂಟನ್ನು ಹಿಡಿದಿಡುವ ವೋಲ್ಟೇಜ್) ಬೇಕು. ಅದಿಲ್ಲದಿದ್ದರೆ ಅದೂ ಕೆಂಪಗಾಗುತ್ತದೆ.

ಕೊಳ್ಳುವ ಮೊದಲು, ಆಂಪ್ಲಿಫೈಯರ್ ಆಫ್ ಮಾಡಿ ತಣಿದ ಮೇಲೆ, ಎರಡೂ ವಾಲ್ವ್‌ಗಳ ಜಾಗ ಬದಲಿಸಿ ನೋಡಿ. ಕೆಂಪು ಅದೇ ಸಾಕೆಟ್ಟಿನಲ್ಲೇ ಉಳಿದರೆ ಕಪ್ಲಿಂಗ್ ಕೆಪಾಸಿಟರ್ (ಡಿಸಿ ತಡೆದು ಧ್ವನಿ ಸಂಕೇತವನ್ನಷ್ಟೇ ವಾಲ್ವಿಗೆ ದಾಟಿಸುವ ಭಾಗ) ಸೋರುತ್ತಿರಬಹುದು, ಇಲ್ಲವೇ ಬಯಾಸ್ ತಲುಪುತ್ತಿಲ್ಲ. ಹೊಸ ವಾಲ್ವ್ ಹಾಕಿದರೆ ಅದೂ ಹೋಗುತ್ತದೆ. ಕೆಂಪು ವಾಲ್ವ್ ಜೊತೆ ಸರಿದರೆ, ಒಂದೇ ಸಮ ಕರೆಂಟ್ ಎಳೆಯುವಂತೆ ಹೊಂದಿಸಿದ ಇಎಲ್34 ಜೋಡಿಯನ್ನೇ ತನ್ನಿ, ಒಂಟಿ ಬೇಡ. ಬಯಾಸ್ ಹೊಸದಾಗಿ ಹೊಂದಿಸಲೇಬೇಕು: ಪ್ಲೇಟಿನಲ್ಲಿ 450 ವೋಲ್ಟ್ ಇದ್ದರೆ ಪ್ರತಿ ವಾಲ್ವಿಗೆ 35 ಮಿಲಿಆಂಪಿಯರ್ ಸಾಕು, 39 ದಾಟಬಾರದು. ಅದನ್ನು ಬಲ್ಲವರಿಂದ ಮಾಡಿಸಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳು ಶಾಕ್ ಹೊಡೆಯುತ್ತವೆ. ನನ್ನ ಎಡಗೈಗೆ ಅದು ಚೆನ್ನಾಗಿ ಗೊತ್ತು.